ಮಾವ ಕೂತರೆ ಮಾತ್ರ ಬರುತ್ತಿದ್ದ ಸದ್ದು: ಒಂದು ಹಳೇ ಎಂಜಿಬಿ ಕಾರಿನ ಪ್ರಕರಣ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ನನ್ನ ಎಂಜಿಬಿಯ ಎಡಗಡೆ ಸೀಟಿನಲ್ಲಿ ಮಾವ ಕೂತರೆ ಮಾತ್ರ ಹಿಂದಿನಿಂದ ‘ಜರ್ರ್’ ಅಂತ ಒಂದು ಸದ್ದು ಬರುತ್ತಿತ್ತು. ನಾನೊಬ್ಬನೇ ಓಡಿಸಿದರೆ ಇಲ್ಲ. ಹೆಂಡತಿ ಕೂತರೂ ಇಲ್ಲ. ಮೊದಲ ಎರಡು ಸಲ ಮಾವ ಸುಮ್ಮನಿದ್ದರು. ಮೂರನೇ ಸಲ ತಡೆಯಲಾಗಲಿಲ್ಲ. ‘ಅಳಿಯಂದ್ರೇ, ಟೈರು ಎಲ್ಲೋ ಉಜ್ತಾ ಇದೆ. ನಿಲ್ಸಿ ನೋಡೋಣ’ ಅಂದರು.

ಅವರು ಹಾಸನದ ಕಡೆಯವರು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮೂರು ತಿಂಗಳಿಗೆಂದು ಮಗಳ ಮನೆಗೆ, ಅಂದರೆ ನಮ್ಮಲ್ಲಿಗೆ, ಇಂಗ್ಲೆಂಡಿಗೆ ಬಂದಿದ್ದರು. ನಾವಿರುವುದು ಆಕ್ಸ್‌ಫರ್ಡ್ ಹತ್ತಿರ. ಈ ಕಾರು ಹುಟ್ಟಿದ ಆಬಿಂಗ್ಡನ್ ಊರು ಇಲ್ಲಿಂದ ಕೂಗಳತೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು. ನನ್ನದು 1972ರ ಓಪನ್ ಟಾಪ್. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ಬರ ಇಲ್ಲದಿರುವುದೇ ನನ್ನನ್ನು ಕೆಡಿಸಿದ್ದು. ಬೇಕಾದ್ದೆಲ್ಲ ಸಿಗುತ್ತದೆ ಅಂತ ಬೇಡದ್ದನ್ನೂ ತಂದು ಹಾಕಿದ್ದೆ.

ಏನು ಹಾಕಿದ್ದೆ? ಕಾರಿನ ಜೊತೆ ಬಂದದ್ದು ರೋಸ್ಟೈಲ್ ಚಕ್ರ. 14 ಇಂಚು ವ್ಯಾಸ, 5 ಇಂಚು ಅಗಲ, 165ರ (ಅಂದರೆ 165 ಮಿ.ಮೀ. ಅಗಲದ) ಟೈರು. ರಿಮ್ಮುಗಳಿಗೆ ತುಕ್ಕು ಹಿಡಿದಿತ್ತು. ಅದೇ ಹೊತ್ತಿಗೆ ಮುಂದಿನ ಒಂದು ಬ್ರೇಕ್ ಕ್ಯಾಲಿಪರಿನ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅದುಮಿ ಹಿಡಿಯುವ ಇಕ್ಕಳ) ಪಿಸ್ಟನ್ ಜಾಮ್ ಆಯಿತು. ಎರಡೂ ಒಟ್ಟಿಗೆ ಬದಲಾಯಿಸೋಣ ಅಂತ 15 ಇಂಚಿನ, 6 ಇಂಚು ಅಗಲದ ಅಲಾಯ್ ಚಕ್ರ, 185/65 ಟೈರು, ಮುಂದಕ್ಕೆ ನಾಲ್ಕು ಪಿಸ್ಟನ್‌ನ ಅಲ್ಯೂಮಿನಿಯಂ ಕ್ಯಾಲಿಪರ್ ತರಿಸಿದೆ. ಟೈರಿನ ಎತ್ತರ ಹೆಚ್ಚುಕಮ್ಮಿ ಹಳೇದರಷ್ಟೇ, 62 ಸೆಂ.ಮೀ. ಆಸುಪಾಸು. ಸ್ಪೀಡೋಮೀಟರ್ ಕೆಡಲ್ಲ, ಸಾಕು ಅಂದುಕೊಂಡೆ. ಎತ್ತರ ನೋಡಿದವನು ಅಗಲ ನೋಡಲಿಲ್ಲ.

ಈಗ ಕೂತು ಮಾಡಿದ ಲೆಕ್ಕ ಹೀಗಿದೆ. ರಿಮ್ಮಿನ ಮೇಲೆ ಕೂತಾಗ ಹೊಸ ಟೈರು ಹಳೇದಕ್ಕಿಂತ ಸುಮಾರು 20 ಮಿ.ಮೀ. ದಪ್ಪ. ಅದು ಒಳಗೆ 10, ಹೊರಗೆ 10 ಅಂತ ಹಂಚಿಹೋಗಬೇಕು. ಆದರೆ ಹೊಸ ಚಕ್ರದ ಆಫ್‌ಸೆಟ್ 8 ಮಿ.ಮೀ. ಕಡಿಮೆ. ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಗೂ, ಚಕ್ರವನ್ನು ಬೋಲ್ಟ್ ಮಾಡುವ ನಡುಭಾಗಕ್ಕೆ (ಹಬ್) ಅದು ಕೂರುವ ಮುಖಕ್ಕೂ ಇರುವ ದೂರ. ಅದು ಕಡಿಮೆ ಆದಷ್ಟೂ ಚಕ್ರ ಹೊರಗೆ ಬರುತ್ತದೆ. ಹತ್ತಕ್ಕೆ ಎಂಟು ಸೇರಿ ಟೈರಿನ ಹೊರಮೈ 18 ಮಿ.ಮೀ. ಆಚೆ ಬಂತು. ಒಳಗೆ ಬರೀ 2 ಮಿ.ಮೀ. ಹೋಯಿತು.

ಎಂಜಿಬಿ ಇಟ್ಟುಕೊಂಡವರಿಗೆ ಗೊತ್ತಿರುವ ಒಂದು ಸಂಗತಿ ನನಗೂ ಗೊತ್ತಿತ್ತು, ಆದರೆ ನೆನಪಿಗೆ ಬರಲಿಲ್ಲ. ಈ ಕಾರಿನ ಹಿಂದಿನ ಎರಡು ಚಕ್ರಕ್ಕೆ ಸಮ ಜಾಗ ಇರುವುದಿಲ್ಲ. ಎಡಗಡೆ ಟೈರು ಮಡ್‌ಗಾರ್ಡಿಗೆ ಹತ್ತಿರ, ಬಲಗಡೆ ದೂರ. ಕಾರ್ಖಾನೆಯಿಂದ ಬಂದದ್ದೇ ಹಾಗೆ. ತೆಳ್ಳಗಿನ ಟೈರು ಇದ್ದಷ್ಟು ದಿನ ಯಾರಿಗೂ ಗೊತ್ತಾಗಲ್ಲ.

ಒಂದಲ್ಲ, ಎರಡು ಸದ್ದು

ಅವತ್ತು ಮನೆಗೆ ಬಂದ ಮೇಲೆ ಮಾವ ಇನ್ನೊಂದು ಮಾತು ಹೇಳಿದರು. ‘ಜರ್ರ್ ಒಂದೇ ಅಲ್ಲ. ನಿಧಾನಕ್ಕೆ ಹೋಗುವಾಗ ಮುಂದೆ ಟಿಕ್ ಟಿಕ್ ಅಂತಿದೆ. ನಿಮಗೆ ಕೇಳಿಸ್ತಿಲ್ವಾ?’ ನಿಜ ಹೇಳಬೇಕಂದರೆ ಕೇಳಿಸಿತ್ತು. ಹಳೇ ಕಾರು, ಏನೋ ಒಂದು ಸದ್ದು ಇದ್ದೇ ಇರುತ್ತದೆ ಅಂತ ಬಿಟ್ಟಿದ್ದೆ. ಇಲ್ಲಿ 2018ರ ಮೇ ತಿಂಗಳಿನಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ ವರ್ಷ ವರ್ಷದ ತಪಾಸಣೆ ಕಡ್ಡಾಯ ಇಲ್ಲ. ಹಾಗಾಗಿ ಬೇರೆ ಯಾರೂ ಅಡಿಗೆ ತೂರಿ ನೋಡಿರಲಿಲ್ಲ.

ಎರಡೂ ಸದ್ದು ಒಂದೇ ಕಾಯಿಲೆಯದು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಚಕ್ರದ ಬೇರಿಂಗ್. ಶನಿವಾರ ಇಡೀ ಎಡಗಡೆ ಮುಂದಿನ ಹಬ್ ಬಿಚ್ಚಿದೆ. ಎಂಜಿಬಿಯ ಹಬ್ಬಿನಲ್ಲಿ ಎರಡು ಟೇಪರ್ ಬೇರಿಂಗ್, ನಡುವೆ ಒಂದು ಸ್ಪೇಸರ್ ಕೊಳವೆ, ಜೊತೆಗೆ ಶಿಮ್ ಅನ್ನುವ ಕಾಗದದಂಥ ತೆಳ್ಳಗಿನ ಲೋಹದ ಬಿಲ್ಲೆಗಳು ಇರುತ್ತವೆ. ಆ ಶಿಮ್ ಒಂದೆರಡು ಹೆಚ್ಚುಕಮ್ಮಿ ಮಾಡಿ ಬೇರಿಂಗಿನ ಆಟವನ್ನು (ಅಲುಗಾಟ) 0.05ರಿಂದ 0.10 ಮಿ.ಮೀ. ಒಳಗೆ ತರಬೇಕು. ಸುಮ್ನೆ ನಟ್ಟು ಬಿಗಿ ಮಾಡಿ ಕಾಲು ಸುತ್ತು ಸಡಿಲ ಬಿಡುವ ಪದ್ಧತಿ ಇಲ್ಲಿ ನಡೆಯಲ್ಲ. ಅಳೆದು ನೋಡಿದರೆ ಆಟ ಸರಿಯಾಗೇ ಇತ್ತು. ಗ್ರೀಸು ಕೂಡ ಚೆನ್ನಾಗಿತ್ತು. ಒಂದು ದಿನ ದಂಡ.

ಮಾವ ಅಷ್ಟು ಹೊತ್ತೂ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎಲ್ಲಾ ಜೋಡಿಸಿದ ಮೇಲೆ, ‘ಬಿಚ್ಚೋಕೆ ಮುಂಚೆ ಎಣಿಸಬೇಕಿತ್ತು’ ಅಂದರು.

ಎಣಿಸುವುದು ಅಂದರೆ ಇಷ್ಟೇ. ಮನೆ ಮುಂದಿನ ರಸ್ತೆಯಲ್ಲಿ ನಾನು ಕಾರನ್ನು ನಡಿಗೆಯ ವೇಗದಲ್ಲಿ ಬಿಟ್ಟೆ. ಅವರು ಎಡಗಡೆ ಪಕ್ಕದಲ್ಲೇ ನಡೆದರು. ಮೊದಲ ಟಿಕ್‌ಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ, ಅಲ್ಲಿಂದ ಹತ್ತನೇ ಟಿಕ್‌ಗೆ ಇನ್ನೊಂದು ಗೆರೆ. ಟೇಪ್ ಹಿಡಿದರೆ ಹತ್ತೊಂಬತ್ತೂವರೆ ಮೀಟರ್. ಆ ಟೈರಿನ ಸುತ್ತಳತೆ 1.95 ಮೀಟರ್. ಅಂದರೆ ಚಕ್ರ ಒಂದು ಸುತ್ತಿಗೆ ಒಂದೇ ಒಂದು ಟಿಕ್. ಕೆಟ್ಟ ಬೇರಿಂಗ್ ಇಷ್ಟು ಶಿಸ್ತಾಗಿ ಸದ್ದು ಮಾಡಲ್ಲ. ಚಕ್ರದ ಜೊತೆ ತಿರುಗುವ ಏನೋ ಒಂದು, ತಿರುಗದೆ ನಿಂತ ಏನಕ್ಕೋ ತಾಗುತ್ತಿದೆ. ಬಿಚ್ಚುವ ಮೊದಲು ಹತ್ತು ನಿಮಿಷದಲ್ಲಿ ಗೊತ್ತಾಗಬಹುದಾಗಿದ್ದ ವಿಷಯ ಇದು.

ಚಪಾತಿ ಹಿಟ್ಟು

ಚಕ್ರ ಬಿಚ್ಚಿ ಟಾರ್ಚ್ ಬಿಟ್ಟರೆ ಕ್ಯಾಲಿಪರಿನ ಹೆಗಲ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಬೆಳ್ಳಿ ಗೆರೆ ಹೊಳೆಯುತ್ತಿತ್ತು. ಬಣ್ಣ ಕಿತ್ತು ಅಲ್ಯೂಮಿನಿಯಂ ಕಾಣುತ್ತಿತ್ತು. ರಿಮ್ಮಿನ ಒಳಮೈಯಲ್ಲಿ ಅದಕ್ಕೆ ಎದುರಾಗಿ ಏನಿದೆ ಅಂತ ನೋಡಿದರೆ, ಚಕ್ರ ನಡುಗದೆ ತಿರುಗಲಿ ಅಂತ ಹಾಕುವ ಬ್ಯಾಲೆನ್ಸಿಂಗ್ ತೂಕದ ಪಟ್ಟಿ. ಅಂಟಿಸುವ ಜಾತಿಯದು. ಅದರ ಮೂಲೆ ಸವೆದು ನುಣ್ಣಗಾಗಿತ್ತು. ಟೈರ್ ಅಂಗಡಿಯವರು ಮಷಿನ್ ತೋರಿಸಿದ ಜಾಗಕ್ಕೆ ಅಂಟಿಸಿದ್ದರು. ಅಲ್ಲಿ ದೊಡ್ಡ ಕ್ಯಾಲಿಪರ್ ಬರುತ್ತದೆ ಅಂತ ಹೇಳಬೇಕಾದವನು ನಾನು.

ತೂಕ ಕಿತ್ತರೆ ಟಿಕ್ ನಿಲ್ಲುತ್ತದೆ, ಸರಿ. ಆದರೆ ಉಳಿದ ಕಡೆ ಎಷ್ಟು ಜಾಗ ಇದೆ? ಚಕ್ರ ಹಾಕಿದ ಮೇಲೆ ಒಳಗೆ ಅಳತೆ ಪಟ್ಟಿ ತೂರಿಸಲು ಆಗಲ್ಲ. ಇದಕ್ಕೆ ಮಕ್ಕಳು ಆಡುವ ಬಣ್ಣದ ಮೇಣವನ್ನು ಬಳಸುವ ರೂಢಿ ಇದೆ. ನಮ್ಮ ಮನೆಯಲ್ಲಿ ಅದಿರಲಿಲ್ಲ. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಕಲಸಿಟ್ಟಿತ್ತು.

ನಾನು ತೂಕದ ಪಟ್ಟಿ ಕಿತ್ತೆ. ಮಾವ ಎರಡು ಉಂಡೆ ತಂದರು. ಸ್ವಲ್ಪ ಗಟ್ಟಿಯಾಗಲಿ ಅಂತ ಒಣ ಹಿಟ್ಟು ಸೇರಿಸಿ ನಾದಿದರು. ಒಂದನ್ನು ಕ್ಯಾಲಿಪರಿನ ಹೊರಮುಖಕ್ಕೆ, ಅಂದರೆ ಚಕ್ರದ ಕಡ್ಡಿಗಳ ಎದುರಿಗೆ, ಬೆರಳಗಲದ ದಪ್ಪಕ್ಕೆ ಒತ್ತಿದರು. ಇನ್ನೊಂದನ್ನು ಹೆಗಲ ಮೇಲೆ, ರಿಮ್ಮಿನ ಒಳಸುತ್ತಿನ ಎದುರಿಗೆ. ಕ್ಯಾಲಿಪರ್‌ಗೆ ಅಂಟಿ ಕೂರಬೇಕು, ಚಕ್ರಕ್ಕೆ ಅಂಟಬಾರದು. ಅದಕ್ಕೆ ಚಕ್ರದ ಒಳಗೆ ಅಡುಗೆ ಎಣ್ಣೆ ಸವರಿದೆ. ಡಿಸ್ಕಿಗೆ ಎಣ್ಣೆ ಹತ್ತದ ಹಾಗೆ ಬಟ್ಟೆ ಮುಚ್ಚಿ, ಚಕ್ರ ಏರಿಸುವಾಗ ಎಳೆದುಕೊಂಡೆ. ನಾಲ್ಕೂ ನಟ್ಟನ್ನು ಸರಿಯಾಗಿ ಬಿಗಿದು, ಕೈಯಲ್ಲಿ ಚಕ್ರವನ್ನು ಪೂರಾ ಎರಡು ಸುತ್ತು ತಿರುಗಿಸಿದೆ. ಎರಕದ ಚಕ್ರದಲ್ಲಿ ಎಲ್ಲಾ ಕಡ್ಡಿ ಒಂದೇ ಅಳತೆಗೆ ಇರಲೇಬೇಕು ಅಂತಿಲ್ಲ. ಎಲ್ಲವೂ ಹಿಟ್ಟಿನ ಮೇಲೆ ಹಾದುಹೋದರೆ ಅತಿ ಇಕ್ಕಟ್ಟಾದದ್ದು ಮಾತ್ರ ಗುರುತು ಬಿಡುತ್ತದೆ.

ಮತ್ತೆ ಚಕ್ರ ಇಳಿಸಿದೆವು. ಹಿಟ್ಟು ಕೊರೆದ ಹಾಗೆ ನೀಟಾಗಿ ನಿಂತಿತ್ತು. ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿ ವರ್ನಿಯರ್‌ನಲ್ಲಿ ಹಿಡಿದೆ. ಕಡ್ಡಿಯ ಕಡೆ 2.5 ಮಿ.ಮೀ. ರಿಮ್ಮಿನ ಕಡೆ 4.2. ತೂಕದ ಪಟ್ಟಿ ದಪ್ಪ 4.5. ಮೂರು ಕೂದಲಷ್ಟು ಜಾಗದ ಕೊರತೆಗೆ ಇಷ್ಟು ರಾಮಾಯಣ. ‘ಉಳಿದ ಹಿಟ್ಟನ್ನ ಡಬ್ಬಿಗೆ ವಾಪಸ್ ಹಾಕಬೇಡಿ’ ಅಂತ ಒಳಗಿನಿಂದ ಹೆಂಡತಿಯ ದನಿ ಬಂತು.

ಈ ಎರಡು ಅಳತೆ ಬೇರೆ ಬೇರೆ ಜಾತಿಯವು ಅನ್ನುವುದು ನನಗೆ ಅಲ್ಲೇ ತಟ್ಟಿದ್ದು. ಕಡ್ಡಿಗೂ ಕ್ಯಾಲಿಪರ್‌ಗೂ ನಡುವಿನ ಜಾಗ ಕಡಿಮೆ ಇದ್ದರೆ ಚಕ್ರವನ್ನು ಹೊರಗೆ ತಳ್ಳಿದರೆ ಸಾಕು. ರಿಮ್ಮಿನ ಸುತ್ತಿಗೂ ಕ್ಯಾಲಿಪರಿನ ಹೆಗಲಿಗೂ ನಡುವೆ ಜಾಗ ಇಲ್ಲದಿದ್ದರೆ ಎಷ್ಟು ಹೊರಗೆ ತಳ್ಳಿದರೂ ಪ್ರಯೋಜನ ಇಲ್ಲ, ದೊಡ್ಡ ವ್ಯಾಸದ ರಿಮ್ಮೇ ಬೇಕು. ‘ಚಕ್ರ ತಾಗ್ತಿದೆ, ಸ್ಪೇಸರ್ ಹಾಕಿ’ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆ) ಅಂತ ಕಣ್ಣು ಮುಚ್ಚಿ ಹೇಳುವವರು ಈ ವ್ಯತ್ಯಾಸ ನೋಡಿರುವುದಿಲ್ಲ.

ಹಿಂದಿನ ಟೈರು, ಮತ್ತು ನನ್ನ ತಪ್ಪು ಊಹೆ

ಹಿಂದಿನ ಸದ್ದು ಬರುತ್ತಿದ್ದದ್ದು ಒಂದೇ ಜಾಗದಲ್ಲಿ. ನಮ್ಮ ಬಡಾವಣೆಯಿಂದ ಆಚೆ ಹೋಗುವ ಸರ್ಕಲ್ಲಿನಲ್ಲಿ. ಇಲ್ಲೂ ನಮ್ಮೂರಿನ ಹಾಗೆ ರಸ್ತೆಯ ಎಡಗಡೆ ಓಡಿಸುವುದು. ಸರ್ಕಲ್ಲಿಗೆ ನುಗ್ಗುವಾಗ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಸುತ್ತು, ಹೊರಬರುವಾಗ ಮತ್ತೆ ಎಡಕ್ಕೆ. ಬಲಕ್ಕೆ ತಿರುಗುವಾಗ ಕಾರು ಎಡಕ್ಕೆ ವಾಲುತ್ತದೆ, ಎಡ ಹಿಂಬದಿ ಕುಸಿಯುತ್ತದೆ, ಆಗ ಉಜ್ಜುತ್ತದೆ. ಇದು ನನ್ನ ವಾದ. ಕೇಳಲು ಎಷ್ಟು ಸರಿಯಾಗಿದೆ, ಅಲ್ವಾ?

ಮಾವ ಮಡ್‌ಗಾರ್ಡಿನ ಒಳ ಅಂಚಿಗೆ ದಪ್ಪಗೆ ಸೀಮೆಸುಣ್ಣ ಬಳಿದರು. ಒಂದು ಸಲ ಬಲಕ್ಕೆ ಮಾತ್ರ ತಿರುಗುವ ದಾರಿಯಲ್ಲಿ ಹೋಗಿ ಬಂದೆವು. ಸುಣ್ಣ ಹಾಗೇ ಇತ್ತು. ಆಮೇಲೆ ಸರ್ಕಲ್ಲಿಗೆ ಹೋದೆವು. ಎಡಕ್ಕೆ ನುಗ್ಗುವ ಜಾಗದಲ್ಲಿ ಚರಂಡಿ ಮುಚ್ಚಳದ ಹತ್ತಿರ ಒಂದು ತಗ್ಗಿದೆ. ಚಕ್ರ ಅದರಲ್ಲಿ ಇಳಿದೆದ್ದ ಕ್ಷಣಕ್ಕೆ ಜರ್ರ್. ಬಂದು ನೋಡಿದರೆ ಸುಣ್ಣ ಅಂಗೈ ಅಗಲ ಅಳಿಸಿಹೋಗಿತ್ತು, ಟೈರಿನ ಹೆಗಲ ಮೇಲೆ ಬಿಳಿ ಪಟ್ಟೆ ಬಿದ್ದಿತ್ತು.

‘ವಾಲೋದು ಬೇರೆ, ಸರಿಯೋದು ಬೇರೆ. ಎಡಕ್ಕೆ ತಿರುಗಿಸಿದ್ರೆ ಬಾಡಿ ಬಲಕ್ಕೆ ಸರಿಯುತ್ತೆ. ಆಕ್ಸಲ್ ಅಲ್ಲೇ ಇರುತ್ತೆ. ಆಗ ಎಡಗಡೆ ಮಡ್‌ಗಾರ್ಡು ಟೈರಿನ ಮೇಲೆ ಬರುತ್ತೆ’ ಅಂತ ಎರಡು ಕೈ ಒಂದರ ಮೇಲೊಂದು ಇಟ್ಟು ತೋರಿಸಿದರು. ಡಿಪೊದಲ್ಲಿ ಬಸ್ಸುಗಳ ಬುಷ್ (ಸ್ಪ್ರಿಂಗ್ ತುದಿಯನ್ನು ಹಿಡಿದಿಡುವ ಬಳೆ) ಸವೆದಾಗ ಕಂಡದ್ದೇ ಇದು ಅಂದರು. ಎಂಜಿಬಿಯ ಹಿಂದಿನ ಆಕ್ಸಲ್ ಕೂಡ ಬಸ್ಸಿನ ಹಾಗೇ ಒಂದೇ ಗಟ್ಟಿ ಆಕ್ಸಲ್, ಎರಡು ಪಕ್ಕ ಉಕ್ಕಿನ ಪಟ್ಟಿಯ ಬ್ಲೇಡ್ ಸ್ಪ್ರಿಂಗ್. ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿದಿಡುವ ಬೇರೆ ಸಲಾಕೆ ಏನೂ ಇಲ್ಲ. ಆ ಕೆಲಸವನ್ನೂ ಬ್ಲೇಡು ಮತ್ತು ಅದರ ರಬ್ಬರ್ ಬುಷ್‌ಗಳೇ ಮಾಡಬೇಕು.

ಹಾಗಾದರೆ ಬರೀ ಎಡಕ್ಕೆ ತಿರುಗಿದರೆ ನಾನೊಬ್ಬನೇ ಇದ್ದಾಗ ಯಾಕೆ ಉಜ್ಜುತ್ತಿರಲಿಲ್ಲ? ಎಡಕ್ಕೆ ತಿರುಗುವಾಗ ಎಡಗಡೆ ಹಗುರಾಗಿ ಮೇಲೇಳುತ್ತದೆ. ಮಡ್‌ಗಾರ್ಡಿನ ಅಂಚು ಟೈರಿನ ಹೆಗಲಿಗಿಂತ ಮೇಲಿರುತ್ತದೆ. ಮಾವ ಕೂತರೆ ಆ ಮೂಲೆ ಸುಮಾರು 18 ಮಿ.ಮೀ. ಕೆಳಗಿಳಿಯುತ್ತದೆ. ಮೇಲೆ ಆ ತಗ್ಗು ಟೈರನ್ನು ಎತ್ತಿ ಕೊಡುತ್ತದೆ. ಭಾರ, ತಿರುವು, ತಗ್ಗು ಮೂರೂ ಒಂದೇ ಗಳಿಗೆಗೆ ಸೇರಿದರೆ ಮಾತ್ರ ಸದ್ದು. ಹೆಂಡತಿ ಮಾವನಿಗಿಂತ 25 ಕೆ.ಜಿ. ಕಡಿಮೆ. ಅಷ್ಟೇ ವ್ಯತ್ಯಾಸ.

ಎಷ್ಟು ಸರಿಯುತ್ತದೆ ಅಂತ ಅಳೆಯಬೇಕಿತ್ತು. ಮಡ್‌ಗಾರ್ಡಿನ ಅಂಚಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟೆ. ಸ್ಕೇಲನ್ನು ಟೈರಿಗಲ್ಲದೆ ರಿಮ್ಮಿಗೆ ಅಡ್ಡಲಾಗಿ ಅಂಟಿಸಿದೆ. ಟೈರಿನ ರಬ್ಬರು ಬಾಗುವುದನ್ನೂ ಸೇರಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಮಾವ ಸೀಟಿನಲ್ಲಿ ಕೂತರು. ನಾನು ಹಿಂಬದಿಯಲ್ಲಿ ಹೆಗಲು ಕೊಟ್ಟು ಬಾಡಿಯನ್ನು ಬಲಕ್ಕೆ ತಳ್ಳಿದೆ. ದಾರ 7 ಮಿ.ಮೀ. ಸರಿಯಿತು. ಸುಮ್ಮನೆ ನಿಂತಾಗ ಟೈರಿಗೂ ಅಂಚಿಗೂ ನಡುವೆ ಎಡಕ್ಕೆ ಇದ್ದದ್ದು 4 ಮಿ.ಮೀ., ಬಲಕ್ಕೆ 13. ನಾಲ್ಕು ಇದ್ದ ಕಡೆ ಏಳು ಸರಿದರೆ ಉಜ್ಜದೆ ಇನ್ನೇನು ಮಾಡುತ್ತದೆ? ಹಳೇ ರೋಸ್ಟೈಲ್ ಚಕ್ರ ಹಾಕಿ ಅಳೆದರೆ ಎಡಕ್ಕೆ 22 ಬಂತು. ಅಂದರೆ ಬುಷ್‌ಗಳು ಯಾವತ್ತೋ ಸವೆದಿದ್ದವು. ತೆಳ್ಳಗಿನ ಟೈರು ಆ ದೋಷವನ್ನು ವರ್ಷಗಟ್ಟಲೆ ಮುಚ್ಚಿಟ್ಟಿತ್ತು.

ಮುಂದೆ ಹೊರಗೆ, ಹಿಂದೆ ಒಳಗೆ

ಇಲ್ಲಿಗೆ ಪೇಚು ಸ್ಪಷ್ಟವಾಯಿತು. ಮುಂದೆ ಚಕ್ರ ಇನ್ನೂ ಹೊರಗೆ ಬರಬೇಕು. ಹಿಂದೆ ಒಳಗೆ ಹೋಗಬೇಕು. ನಾಲ್ಕೂ ಚಕ್ರ ಒಂದೇ ಅಳತೆಯವು. ಟೈರು ಹಾಕಿ ಓಡಿಸಿಯಾಗಿದೆ, ಅಂಗಡಿಯವರು ವಾಪಸ್ ತೆಗೆದುಕೊಳ್ಳಲ್ಲ. 175ರ ಟೈರು ಹಾಕಿದರೆ ಒಂದೊಂದು ಪಕ್ಕ 5 ಮಿ.ಮೀ. ಉಳಿಯುತ್ತದೆ, ಆದರೆ ಸವೆದ ಬುಷ್ ಹಾಗೇ ಇರುತ್ತದೆ. ಮಡ್‌ಗಾರ್ಡಿನ ಅಂಚು ಕತ್ತರಿಸುವುದು ಇನ್ನೊಂದು ಉಪಾಯ. ಈ ಕಾರಿನಲ್ಲಿ ಅದು ಬೇಡವೇ ಬೇಡ. ಹೊರಗಿನ ತಗಡು, ಒಳಗಿನ ತಗಡು ಎರಡೂ ಸೇರಿ ಸ್ಪಾಟ್ ವೆಲ್ಡ್ ಆಗಿರುವುದೇ ಆ ಅಂಚಿನಲ್ಲಿ. ಕತ್ತರಿಸಿದರೆ ಬೆಸುಗೆಯೇ ಹೋಗುತ್ತದೆ, ನೀರು ಒಳಗೆ ಇಳಿಯುತ್ತದೆ. ಮಡಚಬಹುದು.

ಮೊದಲು ಬುಷ್. ಬ್ಲೇಡಿನ ಮುಂದಿನ ಕಣ್ಣಿನ ಬುಷ್, ಹಿಂದಿನ ತುದಿಯನ್ನು ಕಾರಿಗೆ ಜೋಡಿಸುವ ಕೊಂಡಿಯ (ಶಾಕಲ್) ಬುಷ್‌ಗಳು, ಎರಡೂ ಪಕ್ಕ ಹೊಸದು. ಮುಂದಿನ ಹಳೇದು ಬಿಚ್ಚಿ ಬರಲಿಲ್ಲ. ಒಳಗಿನ ಕಬ್ಬಿಣದ ಕೊಳವೆ ಬೋಲ್ಟಿಗೆ ತುಕ್ಕಿನಿಂದ ಅಂಟಿ ಕೂತಿತ್ತು. ಅದಕ್ಕೇ ಒಂದೂವರೆ ದಿನ ಹೋಯಿತು, ಆ ಕಥೆ ಬೇಡ. ಹೇಳಬೇಕಾದ್ದು ಜೋಡಿಸುವಾಗಿನ ಒಂದು ಮಾತು. ಕಾರು ಜಾಕಿಯ ಮೇಲಿದ್ದು ಚಕ್ರ ಜೋತಾಡುವಾಗ ಬೋಲ್ಟ್ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದ ತಕ್ಷಣ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರದ ಮೇಲೆ ಕಾರಿನ ಭಾರ ಬಿಟ್ಟು, ಆಮೇಲೆ ಪೂರ್ತಿ ಬಿಗಿಯಬೇಕು. ಹೊಸ ಬುಷ್ ಕೂತ ಮೇಲೆ ದಾರ ಕಟ್ಟಿ ಮತ್ತೆ ತಳ್ಳಿದೆ. ಏಳು ಇದ್ದದ್ದು ಎರಡೂವರೆ ಆಗಿತ್ತು.

ಆಮೇಲೆ ಅಂಚು. ಒಳಗಿನ ಹಳೇ ಡಾಂಬರಿನಂಥ ಲೇಪ ಕೆರೆದು ತೆಗೆದೆ. ಹಬ್ಬಿಗೆ ಬೋಲ್ಟ್ ಮಾಡಿ ತಿರುಗಿಸುವ ರೋಲರ್ ಸಾಧನ ಬಾಡಿಗೆಗೆ ತಂದೆ. ಬಣ್ಣ ಬಿರಿಯದಿರಲಿ ಅಂತ ಬಿಸಿಗಾಳಿ ಗನ್ನಿನಲ್ಲಿ ಅಂಚನ್ನು ಕೈ ಇಟ್ಟು ತಕ್ಷಣ ತೆಗೆಯುವಷ್ಟು ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಆರು ಸುತ್ತಿನಲ್ಲಿ ಮಡಚಿದೆ. ಅವಸರ ಮಾಡಿದರೆ ಹೊರಗಿನ ತಗಡು ಅಲೆಅಲೆಯಾಗುತ್ತದೆ. 9 ಮಿ.ಮೀ. ಸಿಕ್ಕಿತು. ಬೆಸುಗೆಯ ಸಂದಿಯಲ್ಲಿ ಎರಡು ಕಡೆ ಸಣ್ಣ ಬಿರುಕು ಬಿಟ್ಟಿತ್ತು. ಸೀಲರ್ ತುಂಬಿ, ಬಣ್ಣ ಹೊಡೆದು, ಮೇಲೆ ಮೇಣ ಸಿಂಪಡಿಸಿದೆ. ನಾಲ್ಕಕ್ಕೆ ಒಂಬತ್ತು ಸೇರಿ ಹದಿಮೂರು, ಅದರಲ್ಲಿ ಎರಡೂವರೆ ಸರಿದಾಟಕ್ಕೆ ಹೋದರೂ ಹತ್ತೂವರೆ ಮಿ.ಮೀ. ಉಳಿಯಿತು.

ಮುಂದಿನ ಚಕ್ರಗಳನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಿದೆ. ಈ ಸಲ ನಾನೇ ಮಾರ್ಕರ್‌ನಲ್ಲಿ ರಿಮ್ಮಿನೊಳಗೆ ಒಂದು ಪಟ್ಟೆ ಎಳೆದು, ಇಲ್ಲಿ ಏನೂ ಅಂಟಿಸಬೇಡಿ, ಒಳ ಅಂಚಿನ ಕಡೆಗೆ ಹಾಕಿ ಅಂತ ಹೇಳಿದೆ. ಕಡ್ಡಿಯ ಹತ್ತಿರದ 2.5 ಮಿ.ಮೀ. ನನಗೆ ಸಾಲದು ಅನ್ನಿಸಿತು. ತಿರುವಿನಲ್ಲಿ ಚಕ್ರ ಬಾಗುತ್ತದೆ, ಸಣ್ಣ ಕಲ್ಲು ಸಿಕ್ಕಿಕೊಳ್ಳಬಹುದು. ಸ್ಪೇಸರ್ ಬೇಕು. ಎಷ್ಟು? ಇದನ್ನು ನಿರ್ಧರಿಸಿದ್ದು ಸ್ಟಡ್, ಅಂದರೆ ಚಕ್ರದ ನಟ್ಟು ಕೂರುವ ಬೋಲ್ಟ್. ಎಂಜಿಬಿಯದು ಅರ್ಧ ಇಂಚಿನ ಸ್ಟಡ್, ಇಂಚಿಗೆ 20 ಮರೆ (ತಿರುಪಿನ ಸುತ್ತು), ಒಂದು ಸುತ್ತಿಗೆ 1.27 ಮಿ.ಮೀ. ನಟ್ಟು ಸ್ಟಡ್ಡಿನ ದಪ್ಪದಷ್ಟಾದರೂ ಆಳಕ್ಕೆ ಹಿಡಿಯಬೇಕು ಅನ್ನುವುದು ನಾನು ಪಾಲಿಸುವ ನಿಯಮ. ಅಂದರೆ ಹತ್ತು ಸುತ್ತು. ಬರಿಗೈಯಲ್ಲಿ ತಿರುಗಿಸಿ ಎಣಿಸಿದರೆ ನನಗೆ ಸಿಗುತ್ತಿದ್ದದ್ದು 13. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 5 ಮಿ.ಮೀ. ಸ್ಪೇಸರ್ ನಾಲ್ಕು ಸುತ್ತು ತಿನ್ನುತ್ತದೆ, ಉಳಿಯುವುದು ಒಂಬತ್ತು. ಆಗ ಉದ್ದದ ಸ್ಟಡ್ ಬೇಕು, ಮತ್ತೆ ಹಬ್ ಬಿಚ್ಚಬೇಕು, ಮತ್ತೆ ಆ ಶಿಮ್‌ಗಳು. 3 ಮಿ.ಮೀ. ಆದರೆ ಎರಡೂ ಕಾಲು ಚಿಲ್ಲರೆ ಸುತ್ತು ಹೋಗಿ ಹತ್ತೂವರೆ ಉಳಿಯುತ್ತದೆ. ಲೇತ್‌ನಲ್ಲಿ ಮೂರು ಮಿ.ಮೀ.ಗೆ ಮಾಡಿಸಿದೆ. ಎಲ್ಲಾ ಕಾರಿಗೂ ಆಗಲಿ ಅಂತ ಉದ್ದುದ್ದ ತೂತು ಬಿಟ್ಟ ಮಾಲು ಬೇಡ ಅಂದೆ. ನಾಲ್ಕು ತೂತು, ಸರಿಯಾದ ಅಳತೆ, ಎರಡು ಮುಖವೂ ಸಪಾಟು. ಹಬ್ಬಿನ ಮುಖದ ತುಕ್ಕು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದ ಮೇಲೆ ಕೂರಿಸಿದೆ.

ಮತ್ತೆ ಹಿಟ್ಟಿನ ಪರೀಕ್ಷೆ. ಐದೂವರೆ. ಸ್ಟಿಯರಿಂಗನ್ನು ಎರಡು ಕೊನೆಗೂ ತಿರುಗಿಸಿ ಟೈರು ಬ್ರೇಕಿನ ರಬ್ಬರ್ ಪೈಪಿಗೆ ತಾಗುತ್ತದೆಯೇ ಅಂತ ನೋಡಿದೆ. ಕ್ಯಾಲಿಪರ್ ಬದಲಾದಾಗ ಪೈಪಿನ ದಾರಿಯೂ ಬದಲಾಗಿರುತ್ತದೆ, ಇದನ್ನು ಮರೆಯುವುದು ಸುಲಭ. ತಾಗುತ್ತಿರಲಿಲ್ಲ. ನಟ್ಟುಗಳನ್ನು 60ರಿಂದ 65 ಪೌಂಡ್-ಅಡಿಗೆ ಬಿಗಿದೆ. ಎಂಬತ್ತು ಕಿ.ಮೀ. ಓಡಿಸಿ ಬಂದು ಮತ್ತೊಮ್ಮೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದಾಗ ಒಂದು ನಟ್ಟು ಸ್ವಲ್ಪ ತಿರುಗಿತು. ಚಕ್ರ, ಕ್ಯಾಲಿಪರ್ ಬದಲಾದದ್ದನ್ನು ವಿಮೆಯವರಿಗೂ ಬರೆದು ತಿಳಿಸಿದೆ. ಅದನ್ನು ಮೊದಲೇ ಮಾಡಬೇಕಿತ್ತು.

ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಮಾವ ಊರಿಗೆ ಹೋಗಿಯಾಗಿತ್ತು. ಎಡ ಸೀಟಿಗೆ ಅಷ್ಟು ಭಾರ ತರುವುದು ಎಲ್ಲಿಂದ? 20 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ ಪೇರಿಸಿ ಸೀಟ್ ಬೆಲ್ಟ್ ಹಾಕಿದೆ. ಅಂಚಿಗೆ ಸೀಮೆಸುಣ್ಣ ಬಳಿದು ಅದೇ ಸರ್ಕಲ್ಲಿಗೆ, ಅದೇ ತಗ್ಗಿಗೆ ಐದು ಸಲ ಹೋಗಿ ಬಂದೆ. ಸುಣ್ಣ ಅಳಿಸಿರಲಿಲ್ಲ. ಫೋಟೊ ತೆಗೆದು ಮಾವನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಚೆನ್ನಾಗಿದೆ. ಬಲಗಡೆ ಅಂಚೂ ಮಡಚಿಬಿಡಿ, ಅಳಿಯಂದ್ರೇ. ಅಲ್ಲಿ ನೀವು ಕೂರ್ತೀರಿ.’